ಮಿಲಿಟ್ರಿಯವ್ರು ಕೇಳಿದ್ದು: ಪೆನ್ಷನ್, ಪಾಲಿಕ್ಲಿನಿಕ್, ಮತ್ತೆ ಅಟ್ಟದ ಮೇಲಿನ ಟ್ರಂಕ್

ಮಾಜಿ ಸೈನಿಕರು, ಅವ್ರ ಮನೆಯವ್ರು ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಬಂದದ್ದರಲ್ಲಿ "ಸರ್ಕಾರ ಎಂತ ಕೊಡ್ತದೆ" ಅಂತ ಕೇಳಿದವ್ರು ಕಮ್ಮಿ, "ಕೊಡ್ತದೆ ಅಂತ ಗೊತ್ತುಂಟು, ನಮಗೆ ಬರುದಿಲ್ಲ ಯಾಕೆ" ಅಂತ ಕೇಳಿದವ್ರೇ ಜಾಸ್ತಿ. ದಿಲ್ಲಿಯಲ್ಲಿ ಕೂತು ಯೋಜನೆ ಮಾಡುವವ್ರು ಎಲ್ಲರ ಕಾಗದಪತ್ರ ಸರಿ ಇರ್ತದೆ ಅಂತಲೇ ಲೆಕ್ಕ ಹಾಕುದು, ಇಲ್ಲಿ ನಮ್ಮ ಮನೆಗಳ ಕಪಾಟು ತೆಗೆದ್ರೆ ಕತೆಯೇ ಬೇರೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮ ಯಜಮಾನ್ರು ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವ್ರು, ಹೋದ ಮಳೆಗಾಲದಲ್ಲಿ 71ಕ್ಕೆ ತೀರಿಹೋದ್ರು. ಅವ್ರ ಪೆನ್ಷನ್ ಆಮೇಲೂ ಎರಡು ತಿಂಗಳು ಬಂತು, ಎಟಿಎಂ ಕಾರ್ಡ್ ಮಗನ ಹತ್ರ ಇತ್ತು, ತೆಗೆದೆವು. ಈಗ ನಿಂತಿದೆ. ಕೇಳ್ಲಿಕ್ಕೆ ಹೋದ್ರೆ ಪಿಪಿಒದಲ್ಲಿ (ಪೆನ್ಷನ್ ಮಂಜೂರಾದ ಆದೇಶಪತ್ರ) ನನ್ನ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು ಅಂತಾರೆ. ನಂಗೆ ಎಷ್ಟು ಬರ್ತದೆ, ಹೇಗೆ ಬರ್ತದೆ? (ಬೈಂದೂರು)

ಉತ್ತರ: ಮೊದಲು ಆ ಎಟಿಎಂ ಕಾರ್ಡ್ ಒಳಗಿಡಿ ಅಕ್ಕ. ಅವ್ರು ತೀರಿಹೋದ ಮೇಲೆ ಬಂದ ಪೆನ್ಷನ್ ಸರ್ಕಾರದ ಹಣ, ಅದನ್ನು ವಾಪಸ್ ತೆಗೆದೇ ತೆಗೀತಾರೆ, ಕೆಲವೊಮ್ಮೆ ನಿಮಗೆ ಬರುವ ಫ್ಯಾಮಿಲಿ ಪೆನ್ಷನ್ನಿನಿಂದಲೇ ಹಿಡಿದುಕೊಳ್ತಾರೆ. ಬೇಕಂತ ಮಾಡಿದ್ದಲ್ಲ ಅಂತ ನಂಗೂ ಗೊತ್ತುಂಟು, ಬೊಜ್ಜದ ಖರ್ಚಿಗೆ ಅಂತ ತೆಗೆದಿರ್ತೀರಿ, ಎಷ್ಟೋ ಮನೆಯಲ್ಲಿ ಇದೇ ಆಗುದು. ಎಷ್ಟು ತೆಗೆದಿದ್ದೀರಿ ಅಂತ ಬರೆದಿಟ್ಟುಕೊಳ್ಳಿ, ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ.

ಈಗ ಸೈನ್ಯದ ಪೆನ್ಷನ್ ಎಲ್ಲ ಸ್ಪರ್ಶ್ ಅಂತ ಒಂದೇ ವ್ಯವಸ್ಥೆಯ ಮೂಲಕ ಹೋಗುದು, ಅದನ್ನು ನಡೆಸುದು ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ಸ್ ಅನ್ನುವ ರಕ್ಷಣಾ ಲೆಕ್ಕಪತ್ರ ಕಚೇರಿ. ಹಿಂದಿನ ಹಾಗೆ ನಿಮ್ಮ ಬ್ಯಾಂಕ್ ಮ್ಯಾನೇಜರ್ ಮನಸ್ಸು ಮಾಡಿದ್ರೆ ಆಗುವ ಕೆಲಸ ಇದಲ್ಲ, ಹಾಗಾಗಿ ಬ್ಯಾಂಕಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಮರಣ ಪ್ರಮಾಣಪತ್ರ ಹಿಡಿದುಕೊಂಡು ಸ್ಪರ್ಶ್‌ನಲ್ಲಿ ವಿಷಯ ತಿಳಿಸ್ಬೇಕು. ಕಂಪ್ಯೂಟರ್ ಗೊತ್ತಿಲ್ಲದಿದ್ರೆ ಕಾಮನ್ ಸರ್ವಿಸ್ ಸೆಂಟರ್‌ನಲ್ಲಿ ಮಾಡಿಸಬಹುದು, ಅಥವಾ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ.

ಹೆಸರಿನ ವಿಷಯ. ನಿಮ್ಮ ಮದುವೆ ಆದಾಗ ಯೂನಿಟ್ಟಿನ ಕ್ಲರ್ಕ್ ಪಾರ್ಟ್ ಟು ಆರ್ಡರ್ ಅಂತ ಮದುವೆಯನ್ನು ದಾಖಲೆಗೆ ಸೇರಿಸುವ ಕಾಗದ ಮಾಡಿರ್ತಾನೆ, ಆತ ಬಿಹಾರದವನೋ ಹರಿಯಾಣದವನೋ, "ಗಿರಿಜಾ ಶೆಡ್ತಿ" ಅಂತ ಹೇಳಿದ್ದನ್ನು ತನ್ನ ಕಿವಿಗೆ ಕೇಳಿದ ಹಾಗೆ ಬರೆದುಬಿಟ್ಟಿರ್ತಾನೆ, ಮೂವತ್ತು ನಲವತ್ತು ವರ್ಷ ಅದನ್ನು ಯಾರೂ ನೋಡಿರುದಿಲ್ಲ. ಆಧಾರ್ ಮಾಡಿಸುವಾಗ ಹುಟ್ಟಿದ ತಾರೀಕು ಗೊತ್ತಿಲ್ಲ ಅಂದವ್ರಿಗೆಲ್ಲ ಜನವರಿ 1 ಹಾಕಿದ್ರು, ಅದೂ ಹೊಂದುದಿಲ್ಲ. ಇದನ್ನು ಸರಿ ಮಾಡಬೇಕಾದ್ದು ಅವ್ರ ರೆಕಾರ್ಡ್ ಆಫೀಸಿನ ದಾಖಲೆಯಲ್ಲಿ, ಆರ್ಟಿಲರಿಯದ್ದು ನಾಸಿಕ್‌ನಲ್ಲಿ ಉಂಟು. ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್, ಆಧಾರ್, ಪ್ಯಾನ್, ಪಿಪಿಒ, ಡಿಸ್ಚಾರ್ಜ್ ಬುಕ್ಕಿನ ಕಾಪಿ ಎಲ್ಲ ರೆಡಿ ಮಾಡಿ, ಒರಿಜಿನಲ್ ಮಾತ್ರ ಅಂಚೆಯಲ್ಲಿ ಕಳಿಸ್ಬೇಡಿ.

ಎಷ್ಟು ಬರ್ತದೆ ಅಂದ್ರೆ, ಸಾಮಾನ್ಯ ಫ್ಯಾಮಿಲಿ ಪೆನ್ಷನ್ ಕೊನೆಯ ಸಂಬಳದ ಶೇಕಡಾ 30. ರಿಟೈರ್ ಆದ ಮೇಲೆ ತೀರಿಹೋದವ್ರ ಹೆಂಡತಿಗೆ ಮೊದಲ 7 ವರ್ಷ ಶೇಕಡಾ 50 ಅಂತ ಉಂಟು, ಆದ್ರೆ ಅವ್ರು ಬದುಕಿದ್ದಿದ್ರೆ 67 ಆಗುವ ದಿನದವರೆಗೆ ಮಾತ್ರ, ಯಾವುದು ಮೊದಲೋ ಅದು. ನಿಮ್ಮವ್ರಿಗೆ 71 ಆಗಿತ್ತಲ್ಲ, ಹಾಗಾಗಿ ನಿಮಗೆ ಶುರುವಿನಿಂದಲೇ 30ರ ಲೆಕ್ಕ. ಕನಿಷ್ಠ ಮೂಲ ಮೊತ್ತ 9,000 ರೂಪಾಯಿ, ಮೇಲಿಂದ ಡಿಆರ್, ಅಂದ್ರೆ ತುಟ್ಟಿಭತ್ಯೆ. ಇದನ್ನು ಓದುವ ಗಂಡಸರು ಇವತ್ತೇ ನಿಮ್ಮ ಪಿಪಿಒ ತೆಗೆದು ಹೆಂಡತಿ ಹೆಸರು ನೋಡಿ, ನೀವು ಇರುವಾಗ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸಕ್ಕೆ ನೀವು ಹೋದ ಮೇಲೆ ಆಕೆ ಎಷ್ಟು ಬಾಗಿಲು ತಟ್ಟಬೇಕು ಅಂತ ಯೋಚನೆ ಮಾಡಿ.

ಪ್ರಶ್ನೆ: ಅಪ್ಪ 1960ರ ದಶಕದ ಕೊನೆಗೆ ಸೈನ್ಯಕ್ಕೆ ಸೇರಿ ಆರೇಳು ವರ್ಷ ಇದ್ದು ಮನೆಗೆ ಬಂದವ್ರು. ಪೆನ್ಷನ್ ಇಲ್ಲ. ಡಿಸ್ಚಾರ್ಜ್ ಬುಕ್ ಗೆದ್ದಲು ತಿಂದು ಹೋಗಿದೆ. ಈಗ 78 ವರ್ಷ. ಪೆನ್ಷನ್ ಇಲ್ಲದವ್ರಿಗೆ ಎಂತದ್ದೂ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಹೌದಾ? (ಸುಳ್ಯ)

ಉತ್ತರ: ಅಲ್ಲ. ಹಾಗೆ ಹೇಳುವವ್ರು ಸ್ವಂತ ಪೆನ್ಷನ್ ಬರುವವ್ರೇ ಆಗಿರ್ತಾರೆ, ಬೇಕಾದ್ರೆ ನೋಡಿ.

ಪೆನ್ಷನ್ ಇಲ್ಲದ, 65 ದಾಟಿದ, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ರ‍್ಯಾಂಕಿನ ಮಾಜಿ ಸೈನಿಕರಿಗೆ, ಅಂಥವ್ರ ವಿಧವೆಯರಿಗೆ, ರಕ್ಷಾ ಮಂತ್ರಿ ಮಾಜಿ ಸೈನಿಕ ಕಲ್ಯಾಣ ನಿಧಿಯಿಂದ ತಿಂಗಳಿಗಿಷ್ಟು ಅಂತ ನೆರವು ಉಂಟು. ಮೊದಲು 4,000 ಇತ್ತು, 2025ರ ಅಕ್ಟೋಬರ್‌ನಲ್ಲಿ 8,000ಕ್ಕೆ ಏರಿಸಿದ್ರು, 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ ಹೊಸ ರೇಟ್. ಈ ಹಣ ಎಲ್ಲಿಂದ ಬರ್ತದೆ ಗೊತ್ತುಂಟಾ, ಡಿಸೆಂಬರ್ 7ಕ್ಕೆ ಧ್ವಜ ದಿನ ಅಂತ ಶಾಲೆಯಲ್ಲಿ ಮಕ್ಕಳ ಅಂಗಿಗೆ ಸಣ್ಣ ಧ್ವಜದ ಚೀಟಿ ಚುಚ್ಚಿ ದುಡ್ಡು ತಗೊಳ್ತಾರಲ್ಲ, ಆ ಧ್ವಜ ದಿನದ ನಿಧಿಯಿಂದ. 1949ರಿಂದ ನಡೀತಾ ಉಂಟು ಅದು. ನಿಮ್ಮ ಅಪ್ಪನ ಹಾಗಿನವ್ರಿಗೆ ಅಂತಲೇ ಒಟ್ಟು ಮಾಡಿದ ಹಣ, ನಿಮ್ಮ ಮನೆಯಿಂದಲೂ ಹೋಗಿರ್ತದೆ, ಕೇಳ್ಲಿಕ್ಕೆ ನಾಚಿಕೆ ಬೇಡ.

ತೊಂದರೆ ಇರುದು ದಾಖಲೆಯದ್ದು. ಮೊದಲು ಅವ್ರು ಮಾಜಿ ಸೈನಿಕ ಅಂತ ಗುರುತಾಗ್ಬೇಕು, ಆ ನಿಯಮ ಬಿಡುಗಡೆ ಆದ ವರ್ಷದ ಮೇಲೆ, ಬಿಡುಗಡೆಯ ಕಾರಣದ ಮೇಲೆ ಬೇರೆ ಬೇರೆ. ಈಗಿನವ್ರಿಗೆ ಪೆನ್ಷನ್ ಇಲ್ಲದಿದ್ರೆ ಹೆಚ್ಚಾಗಿ ಆ ಸ್ಥಾನವೇ ಇಲ್ಲ, ಆದ್ರೆ ಹಳೇ ಕಾಲದವ್ರಿಗೆ ನಿಯಮ ಸಡಿಲ ಇತ್ತು. ಡಿಸ್ಚಾರ್ಜ್ ಬುಕ್ ಹೋದ್ರೆ ರೆಕಾರ್ಡ್ ಆಫೀಸಿನಿಂದ ಸರ್ವಿಸಿನ ವಿವರ ತರಿಸ್ಬೇಕು, ಅದಕ್ಕೆ ಆರ್ಮಿ ನಂಬರ್ ಬೇಕು, ಅಪ್ಪನಿಗೆ ಮರೆತುಹೋಗಿದ್ರೆ ಅಟ್ಟ ಹತ್ತಿ. ಕಪ್ಪು ಬಣ್ಣದ ತಗಡಿನ ಟ್ರಂಕ್ ಇರ್ತದೆ ಅಲ್ಲಿ, ಈಗ ಅದರಲ್ಲಿ ಮದುವೆಗೆ ತೆಗೆಯುವ ತಾಮ್ರದ ಪಾತ್ರೆ ತುಂಬಿಸಿಟ್ಟಿರ್ತೀರಿ. ಅದರ ಮುಚ್ಚಳದ ಮೇಲೆ ಅಥವಾ ಎದುರಿಗೆ ಬಿಳಿ ಪೈಂಟ್‌ನಲ್ಲಿ ನಂಬರ್, ರ‍್ಯಾಂಕ್, ಹೆಸರು, ಕೆಳಗೆ ಯೂನಿಟ್ ಬರೆದಿರ್ತದೆ, ರೈಲಿನಲ್ಲಿ ಕಳೆದುಹೋಗ್ಬಾರ್ದು ಅಂತ ಎಲ್ಲರೂ ಬರೆಸ್ತಿದ್ರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್‌ನಲ್ಲಿ ಫೋಟೋ ಹೊಡೀರಿ. ನಂಬರ್ ಮತ್ತೆ ರೆಜಿಮೆಂಟ್ ಸಿಕ್ಕಿದ್ರೆ ಯಾವ ರೆಕಾರ್ಡ್ ಆಫೀಸು ಅಂತ ಸೈನಿಕ ಕಲ್ಯಾಣ ಕಚೇರಿಯವ್ರೇ ಹೇಳ್ತಾರೆ. ಇಂಜಿನಿಯರ್ಸ್‌ನ ಮದ್ರಾಸ್ ಗ್ರೂಪ್ ಆದ್ರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದ್ರೆ ವೆಲ್ಲಿಂಗ್ಟನ್, ಸಿಗ್ನಲ್ಸ್ ಆದ್ರೆ ಜಬಲ್ಪುರ್, ಇಎಂಇ ಆದ್ರೆ ಸಿಕಂದರಾಬಾದ್.

ಪೆನ್ಷನ್ ಇಲ್ಲದವ್ರಿಗೆ ಇಸಿಎಚ್‌ಎಸ್, ಅಂದ್ರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಆಸ್ಪತ್ರೆ ಕಾರ್ಡ್ ಆಗುದಿಲ್ಲ, ಅದೊಂದು ನಂಗೆ ಸರಿ ಕಾಣುದಿಲ್ಲ. 78ರ ಮನುಷ್ಯನಿಗೆ ತಿಂಗಳ ದುಡ್ಡಿಗಿಂತ ಹೆಚ್ಚು ಬೇಕಾದ್ದು ಮದ್ದು. ಚಿಕಿತ್ಸೆಗೆ ಅದೇ ನಿಧಿಯಿಂದ ಬೇರೆ ನೆರವು ಉಂಟು, ಎರಡನ್ನೂ ಒಟ್ಟಿಗೆ ವಿಚಾರಿಸಿ.

ಪ್ರಶ್ನೆ: ನಾನೂ ಹವಾಲ್ದಾರ್, ನನ್ನ ನೆರೆಮನೆಯವನೂ ಹವಾಲ್ದಾರ್, ಇಬ್ಬರದ್ದೂ ಹತ್ತಿರ ಹತ್ತಿರ ಒಂದೇ ಸರ್ವಿಸ್. ಅವನಿಗೆ ನನಗಿಂತ ಜಾಸ್ತಿ ಬರ್ತದೆ. ಒನ್ ರ‍್ಯಾಂಕ್ ಒನ್ ಪೆನ್ಷನ್ ಅಂದ್ರೆ ಇದಾ? (ಕಾರ್ಕಳ)

ಉತ್ತರ: "ಹತ್ತಿರ ಹತ್ತಿರ" ಅಂತ ಬರೆದಿದ್ದೀರಲ್ಲ, ವಿಷಯ ಅಲ್ಲೇ ಉಂಟು ಮಾರಾಯ್ರೆ. ಓಆರ್‌ಓಪಿ ಅಂದ್ರೆ ಒಂದೇ ರ‍್ಯಾಂಕ್, ಒಂದೇ ಸರ್ವಿಸ್ ಆದವ್ರಿಗೆ ಯಾವಾಗ ರಿಟೈರ್ ಆಗಿದ್ರೂ ಒಂದೇ ಪೆನ್ಷನ್ ಅಂತ. ಅದರ ಟೇಬಲ್‌ನಲ್ಲಿ ರ‍್ಯಾಂಕ್ ಮಾತ್ರ ನೋಡುದಲ್ಲ, ಸರ್ವಿಸನ್ನು ಅರ್ಧರ್ಧ ವರ್ಷದ ಲೆಕ್ಕದಲ್ಲಿ ನೋಡ್ತಾರೆ, ಮತ್ತೆ ಟ್ರೇಡ್ ಮೇಲೆ ಮಾಡಿದ ಸಂಬಳದ ಗ್ರೂಪ್ ನೋಡ್ತಾರೆ. ಆತ ಟೆಕ್ನಿಕಲ್ ಟ್ರೇಡ್‌ನಲ್ಲಿ ಎಕ್ಸ್ ಗ್ರೂಪ್ ಇದ್ದು ನೀವು ವೈ ಗ್ರೂಪ್ ಆಗಿದ್ರೆ ಇಬ್ಬರದ್ದು ಸಮ ಬರುದೇ ಇಲ್ಲ.

ಇದು ಪ್ರತಿವರ್ಷ ತನ್ನಿಂತಾನೇ ಸಮ ಆಗುವ ವ್ಯವಸ್ಥೆಯೂ ಅಲ್ಲ. ಆದೇಶ ಬಂದದ್ದು 2015ರ ನವೆಂಬರ್ 7ಕ್ಕೆ, ಜಾರಿ 2014ರ ಜುಲೈ 1ರಿಂದ, 5 ವರ್ಷಕ್ಕೊಮ್ಮೆ ಪರಿಷ್ಕರಣೆ, ಅಂದ್ರೆ 2019, 2024. ನಡುವಿನ ವರ್ಷಗಳಲ್ಲಿ ವ್ಯತ್ಯಾಸ ಬೆಳೀತಾ ಹೋಗ್ತದೆ. ಇದೇ ವಿಷಯ ಹಿಡಿದು ಮಾಜಿ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದ್ರು, 2022ರ ಮಾರ್ಚ್ 16ಕ್ಕೆ ಕೋರ್ಟ್ ಸರ್ಕಾರದ ನೀತಿಯನ್ನೇ ಎತ್ತಿಹಿಡಿಯಿತು, ಜೊತೆಗೆ 2019ರ ಪರಿಷ್ಕರಣೆ ಮಾಡಿ ಬಾಕಿ ಕೊಡಿ ಅಂತಲೂ ಹೇಳಿತು. ಇನ್ನೊಂದು, 2014ರ ಜುಲೈ ನಂತರ ತಾವಾಗಿಯೇ ಬೇಗ ರಿಟೈರ್‌ಮೆಂಟ್ ತಗೊಂಡವ್ರು ಇದರಿಂದ ಹೊರಗೆ. ನೆರೆಮನೆಯವ್ರ ಪಾಸ್‌ಬುಕ್ ನೋಡುದು ಬಿಟ್ಟು ಸ್ಪರ್ಶ್‌ನಲ್ಲಿ ನಿಮ್ಮ ಗ್ರೂಪ್, ಸರ್ವಿಸ್ ಸರಿ ಉಂಟಾ ನೋಡಿ. ಅಲ್ಲಿ ತಪ್ಪಿದ್ರೆ ಮಾತ್ರ ದೂರು ಕೊಡಬಹುದು.

ಪ್ರಶ್ನೆ: ನೌಕಾಪಡೆಯಿಂದ ಪೆಟ್ಟಿ ಆಫೀಸರ್ ಆಗಿ ನಿವೃತ್ತಿ. ರಾತ್ರಿ ಹೊತ್ತು ಹೆಂಡತಿಗೆ ಎದೆನೋವು ಬಂದು ಹತ್ತಿರದ ಆಸ್ಪತ್ರೆಗೆ ಹೋದೆವು, ಇಸಿಎಚ್‌ಎಸ್ ಕಾರ್ಡ್ ತೋರಿಸಿದ್ರೆ ಪಾಲಿಕ್ಲಿನಿಕ್‌ನ (ಇಸಿಎಚ್‌ಎಸ್‌ನದ್ದೇ ಚಿಕಿತ್ಸಾಲಯ) ರೆಫರಲ್ ಚೀಟಿ ಬೇಕು ಅಂತ ಹೇಳಿ ಅಡ್ವಾನ್ಸ್ ಕಟ್ಟಿಸಿಕೊಂಡ್ರು. ರಾತ್ರಿ ಹನ್ನೊಂದಕ್ಕೆ ರೆಫರಲ್ ಎಲ್ಲಿಂದ ತರುದು? (ಮಲ್ಪೆ)

ಉತ್ತರ: ತರ್ಬೇಕಾಗಿಲ್ಲ. ಎಮರ್ಜೆನ್ಸಿಗೆ ರೆಫರಲ್ ಇಲ್ಲದೆಯೇ ಎಂಪ್ಯಾನಲ್ ಆದ, ಅಂದ್ರೆ ಇಸಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು, ಕಾರ್ಡ್ ತೋರಿಸಿದ ಮೇಲೆ ಪಾಲಿಕ್ಲಿನಿಕ್‌ಗೆ ತಿಳಿಸುವ ಕೆಲಸ ಆಸ್ಪತ್ರೆಯವ್ರದ್ದು. ಎಂಪ್ಯಾನಲ್ ಆಗದ ಆಸ್ಪತ್ರೆಗೆ ಓಡ್ಬೇಕಾಗಿ ಬಂದ್ರೆ 48 ಗಂಟೆಯೊಳಗೆ ನೀವೇ ಪಾಲಿಕ್ಲಿನಿಕ್‌ಗೆ ತಿಳಿಸ್ಬೇಕು, ಬಿಲ್ ನೀವು ಕಟ್ಟಿ ಆಮೇಲೆ ಕ್ಲೇಮ್ ಮಾಡುದು, ಅದೂ ಸರ್ಕಾರದ ರೇಟಿನ ಲೆಕ್ಕದಲ್ಲಿ ಸಿಗ್ತದೆಯೇ ಹೊರತು ನೀವು ಕಟ್ಟಿದ್ದೆಲ್ಲ ಸಿಗುದಿಲ್ಲ. ನಿಮ್ಮದು ಎಂಪ್ಯಾನಲ್ ಆದ ಆಸ್ಪತ್ರೆಯೇ ಆಗಿದ್ರೆ ಅಡ್ವಾನ್ಸ್ ರಸೀದಿ, ಕೇಸ್ ಶೀಟ್ ಕಾಪಿ ಇಟ್ಟುಕೊಂಡು ಮಂಗಳೂರು ಪಾಲಿಕ್ಲಿನಿಕ್‌ನ ಆಫೀಸರ್ ಇನ್ ಚಾರ್ಜ್ ಹತ್ರ ಲಿಖಿತ ದೂರು ಕೊಡಿ. ಬಾಯಿಮಾತಲ್ಲಿ ಹೇಳಿ ಬಂದ್ರೆ ಅದು ಅಲ್ಲೇ ಗಾಳಿಗೆ ಹೋಯ್ತು.

ಆಸ್ಪತ್ರೆಯವ್ರ ಕಡೆಯಿಂದಲೂ ಒಂದು ಮಾತು ಉಂಟು. ಬಿಲ್ ಪಾಸಾಗಿ ದುಡ್ಡು ಬರುದು ತಡ ಅಂತ ದೇಶದಲ್ಲೆಲ್ಲ ಆಸ್ಪತ್ರೆಗಳ ಗೊಣಗಾಟ, ಆ ಸಿಟ್ಟು ತೀರಿಸುದು ಕೌಂಟರ್ ಎದುರು ನಿಂತ ರೋಗಿಯ ಮೇಲೆ. 2003ರ ಏಪ್ರಿಲ್ 1ಕ್ಕೆ ಈ ಸ್ಕೀಮ್ ಶುರುವಾದದ್ದು, ಸೇರುವಾಗ ರ‍್ಯಾಂಕ್ ನೋಡಿ ಒಂದೇ ಸಲ ಹಣ ಕಟ್ಟಿಸಿಕೊಳ್ತಾರೆ, ಹವಾಲ್ದಾರ್‌ವರೆಗೆ 30,000. ದುಡ್ಡು ಕೊಟ್ಟು ಸೇರಿದ ಸದಸ್ಯ ನೀವು, ಕೈಮುಗಿದು ಕೇಳುವ ವಿಷಯ ಅಲ್ಲ ಅದು. ಎಂಪ್ಯಾನಲ್ ಲಿಸ್ಟ್ ಆಗಾಗ ಬದಲಾಗ್ತದೆ, ಹೋದ ವರ್ಷ ಇದ್ದ ಆಸ್ಪತ್ರೆ ಈ ವರ್ಷ ಇರ್ಲಿಕ್ಕಿಲ್ಲ. ಪಾಲಿಕ್ಲಿನಿಕ್‌ಗೆ ಮದ್ದಿಗೆ ಹೋದಾಗಲೆಲ್ಲ ಗೋಡೆಯ ಮೇಲಿನ ಲಿಸ್ಟ್ ಒಂದು ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿಡಿ.

ಪ್ರಶ್ನೆ: ನಾಯಕ್ ಆಗಿ 17 ವರ್ಷ ಸರ್ವಿಸ್ ಮಾಡಿ ಬಂದೆ, 37 ವರ್ಷ, ಎಸ್‌ಎಸ್‌ಎಲ್‌ಸಿ ಮಾತ್ರ. ಸೆಕ್ಯುರಿಟಿ ಗಾರ್ಡ್ ಬಿಟ್ಟು ಬೇರೆ ಎಂತ ಸಿಗ್ತದೆ? (ಮೂಡುಬಿದಿರೆ)

ಉತ್ತರ: ಬ್ಯಾಂಕುಗಳು ಹುಟ್ಟಿದ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ! ಸರ್ಕಾರಿ ಬ್ಯಾಂಕ್ ಮತ್ತೆ ಕೇಂದ್ರದ ಸಾರ್ವಜನಿಕ ಕಂಪೆನಿಗಳಲ್ಲಿ ಗ್ರೂಪ್ ಸಿ ಹುದ್ದೆಗೆ ಶೇಕಡಾ 14.5, ಗ್ರೂಪ್ ಡಿಗೆ 24.5 ಮಾಜಿ ಸೈನಿಕರಿಗೆ ಮೀಸಲು, ಇದರೊಳಗೇ 4.5 ಗಾಯಗೊಂಡವ್ರಿಗೆ ಮತ್ತೆ ಹುತಾತ್ಮರ ಮನೆಯವ್ರಿಗೆ. ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ 10 ಮತ್ತೆ 20. ಡಿಗ್ರಿ ಇಲ್ಲ ಅಂತ ಹಿಂದೆ ಸರೀಬೇಡಿ, ಎಸ್‌ಎಸ್‌ಎಲ್‌ಸಿ ಆಗಿ 15 ವರ್ಷ ಸರ್ವಿಸ್ ಆದವ್ರಿಗೆ ಡಿಗ್ರಿಗೆ ಸಮ ಅಂತ ಸರ್ಟಿಫಿಕೇಟ್ ಸಿಗ್ತದೆ, ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಅದು ನಡೀತದೆ. ವಯಸ್ಸಿನಲ್ಲಿ ನಿಮ್ಮ ಸರ್ವಿಸ್ ಕಳೆದು ಮೇಲಿಂದ 3 ವರ್ಷ ರಿಯಾಯಿತಿ.

ಇಷ್ಟೆಲ್ಲ ಇದ್ದೂ ಈ ಸೀಟುಗಳು ತುಂಬುದಿಲ್ಲ. ಪರೀಕ್ಷೆಯಲ್ಲಿ ಕನಿಷ್ಠ ಮಾರ್ಕ್ ಬರುದಿಲ್ಲ ಅಂತ ಖಾಲಿ ಬಿಡ್ತಾರೆ. 17 ವರ್ಷ ಬಂದೂಕು ಹಿಡಿದವನನ್ನು 22ರ ಹುಡುಗರ ಜೊತೆ ಕಂಪ್ಯೂಟರ್ ಎದುರು ಕೂರಿಸಿ ನಿಮಿಷಕ್ಕೆ ಒಂದು ಲೆಕ್ಕ ಮಾಡು ಅಂದ್ರೆ ಎಂತ ಆಗ್ತದೆ? ಮೀಸಲಾತಿ ಕೊಟ್ಟವ್ರು ತರಬೇತಿಯನ್ನೂ ಅಷ್ಟೇ ಗಟ್ಟಿಯಾಗಿ ಕೊಡಬೇಕಿತ್ತು. ನೀವು ಕೋಚಿಂಗ್‌ಗೆ ಸೇರಿ, ಹುಡುಗರ ಮಧ್ಯೆ ಕೂರ್ಲಿಕ್ಕೆ ಮುಜುಗರ ಬೇಡ. ಒಂದು ಎಚ್ಚರ, ಮೀಸಲಾತಿಯಲ್ಲಿ ಒಮ್ಮೆ ಸರ್ಕಾರಿ ಕೆಲಸಕ್ಕೆ ಸೇರಿದ್ರೆ ಆ ಅವಕಾಶ ಅಲ್ಲಿಗೆ ಮುಗಿದ ಹಾಗೆ, ಸೇರುವ ಮೊದಲೇ ಬೇರೆ ಕಡೆ ಅರ್ಜಿ ಹಾಕಿದ್ರೆ ಅದನ್ನು ಹೊಸ ಆಫೀಸಿಗೆ ಬರೆದು ತಿಳಿಸಿಡಿ.

ಪ್ರಶ್ನೆ: ಮಗ 2023ರ ಜನವರಿಯಲ್ಲಿ ಅಗ್ನಿವೀರ್ ಆಗಿ ಹೋದ. ನಾಲ್ಕು ವರ್ಷ ಆದ ಮೇಲೆ ಅವನೂ ಮಾಜಿ ಸೈನಿಕ ಅಂತ ಆಗ್ತಾನಾ? ಹುಡುಗಿ ಮನೆಯವ್ರು ಕೇಳ್ತಾರೆ. (ಬೆಳ್ತಂಗಡಿ)

ಉತ್ತರ: ಆಗುದಿಲ್ಲ ಅಮ್ಮ. ಸೇರುವಾಗ ಸಹಿ ಮಾಡಿದ ಶರತ್ತಿನಲ್ಲೇ ಅದು ಉಂಟು: ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕನ ಸ್ಥಾನ ಇಲ್ಲ, ಇಸಿಎಚ್‌ಎಸ್ ಮತ್ತೆ ಮಿಲಿಟ್ರಿ ಕ್ಯಾಂಟೀನ್ ಇಲ್ಲ. ಕೈಗೆ ಬರುದು ಸೇವಾ ನಿಧಿ, ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಅದರಲ್ಲಿ ಅರ್ಧ ಅವನದ್ದೇ ಸಂಬಳದಿಂದ ತಿಂಗಳು ತಿಂಗಳು ಹಿಡಿದದ್ದು, ಮೊದಲ ವರ್ಷ 30,000ದಲ್ಲಿ 9,000 ಹಿಡಿದು 21,000 ಕೈಗೆ ಕೊಡ್ತಿದ್ರು, ಸರ್ಕಾರ ಅಷ್ಟೇ ಸೇರಿಸಿದೆ, ಮತ್ತೆ ಬಡ್ಡಿ. ಶೇಕಡಾ 25ರವರೆಗೆ ಕಾಯಂ ಆಗ್ತಾರೆ, ಹಾಗೆ ಆದವ್ರ ಕತೆ ಬೇರೆ, ಅವ್ರು ಮತ್ತೆ 15 ವರ್ಷ ಮಾಡಿ ಪೆನ್ಷನ್‌ನಲ್ಲೇ ಬರ್ತಾರೆ. ಉಳಿದವ್ರಿಗೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಉಂಟು, ಮೊದಲ ಬ್ಯಾಚ್‌ನವ್ರಿಗೆ ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ. ನಿಮ್ಮ ಮಗ ಮೊದಲ ಬ್ಯಾಚ್‌ನವನೇ.

ನನ್ನ ಅಭಿಪ್ರಾಯ ಕೇಳಿದ್ರೆ, ಈವರೆಗಿನ ಹೆಚ್ಚಿನ ಸೌಲಭ್ಯವೂ ಪಿಪಿಒ ಇದ್ದವ್ರ ಸುತ್ತ ಕಟ್ಟಿದ್ದು, ಸುಳ್ಯದ ಆ 78ರ ಅಜ್ಜನನ್ನು ಬಿಟ್ಟುಹೋದ ಹಾಗೇ ಈ 23ರ ಹುಡುಗನನ್ನೂ ಅದು ಬಿಟ್ಟುಹೋಗ್ತದೆ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಇಂಥ ಹುಡುಗರ ಹೆಸರಿಗೆ ಒಂದು ರಿಜಿಸ್ಟರ್ ಆದ್ರೂ ಬೇಕು, ಯಾವ ಟ್ರೇಡ್ ಕಲಿತು ಬಂದಿದ್ದಾನೆ, ಯಾವ ಕೆಲಸಕ್ಕೆ ಆಗ್ತಾನೆ ಅಂತ. ಹುಡುಗಿ ಮನೆಯವ್ರಿಗೆ ಇದ್ದದ್ದೇ ಹೇಳಿ, 11 ಲಕ್ಷ ಕೈಯಲ್ಲಿರುವ 23 ವರ್ಷದ ಹುಡುಗ, ಕೆಲಸ ಹುಡುಕ್ತಿದ್ದಾನೆ ಅಂತ. ಆದ್ರೆ ಆ 11 ಲಕ್ಷ ಮದುವೆ ಹಾಲಿಗೆ, ಕಾರಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಾನು ದುಬೈಯಲ್ಲಿ. ಊರಲ್ಲಿ ಅಪ್ಪನಿಗೆ 82, ನಡೀಲಿಕ್ಕೆ ಆಗುದಿಲ್ಲ, ಬೆರಳಚ್ಚು ಮೆಷಿನ್‌ಗೆ ಹಿಡಿಯುದಿಲ್ಲ. ಹೋದ ವರ್ಷ ಮುಖದ ಆ್ಯಪ್‌ನಲ್ಲಿ ಲೈಫ್ ಸರ್ಟಿಫಿಕೇಟ್ (ಬದುಕಿದ್ದಾರೆ ಅಂತ ಕೊಡುವ ಪ್ರಮಾಣಪತ್ರ) ಮಾಡಿಸಿದ್ರೂ ರಿಜೆಕ್ಟ್ ಆಗಿ ಪೆನ್ಷನ್ ನಿಂತಿತು. (ಹಿರಿಯಡ್ಕ)

ಉತ್ತರ: ಮೆಷಿನ್ ಮುಂದೆ ಕೂತವ್ರು ಪೆನ್ಷನ್ ಕೊಡುವವ್ರು ಯಾರು ಅಂತ ಕೇಳಿದ ಕಡೆ ಬ್ಯಾಂಕ್ ಹೆಸರು ಹಾಕಿರ್ತಾರೆ, ಹೆಚ್ಚಿನವ್ರದ್ದು ಅಲ್ಲೇ ತಪ್ಪುದು. ಸ್ಪರ್ಶ್‌ಗೆ ಬಂದ ಭೂಸೇನೆಯವ್ರು ಮಂಜೂರು ಮಾಡುವ ಕಚೇರಿ ಅಂತ ಕೇಳಿದಲ್ಲಿ ಡಿಫೆನ್ಸ್ ಪಿಸಿಡಿಎ ಪಿ ಅಲಹಾಬಾದ್ ಅಂತಲೂ, ಕೊಡುವ ಕಚೇರಿ ಅಂತ ಕೇಳಿದಲ್ಲಿ ಸ್ಪರ್ಶ್ ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್ ಅಂತಲೂ ಆರಿಸ್ಬೇಕು, ಪಿಪಿಒ ನಂಬರ್ ಸ್ಪರ್ಶ್‌ನ ಹೊಸದ್ದೇ ಹಾಕ್ಬೇಕು. ಊರಿನ ಹೆಸರು ಪ್ರಯಾಗ್‌ರಾಜ್ ಆದ್ರೂ ಆ್ಯಪ್‌ನಲ್ಲಿ ಅಲಹಾಬಾದ್ ಅಂತಲೇ ಹುಡುಕಿ. 80 ದಾಟಿದವ್ರಿಗೆ ನವೆಂಬರ್‌ವರೆಗೆ ಕಾಯ್ಬೇಕಂತಿಲ್ಲ, ಅಕ್ಟೋಬರ್ 1ರಿಂದಲೇ ಮಾಡಬಹುದು. ಮನೆಯಲ್ಲಿ ಮಾಡ್ಲಿಕ್ಕೆ ಯಾರೂ ಇಲ್ಲದಿದ್ರೆ ಪೋಸ್ಟ್‌ಮ್ಯಾನ್‌ಗೆ ಹೇಳಿ, ಅಂಚೆ ಬ್ಯಾಂಕಿನವ್ರು ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಡ್ತಾರೆ. ಮುಗಿದ ಮೇಲೆ ಬರುವ ಪ್ರಮಾಣ್ ಐಡಿ, ಅಂದ್ರೆ ಆ ಸರ್ಟಿಫಿಕೇಟಿನ ನಂಬರ್, ಅದರ ಫೋಟೋ ನಿಮಗೆ ಕಳಿಸ್ಲಿಕ್ಕೆ ಹೇಳಿ. ಕೆಲವು ದಿನ ಬಿಟ್ಟು ಸ್ಪರ್ಶ್‌ನಲ್ಲಿ ಅಪ್ಪನ ಲಾಗಿನ್ ತೆರೆದು ಮುಂದಿನ ತಾರೀಕು ಬಂದಿದೆಯಾ ಅಂತ ನೀವು ದುಬೈಯಿಂದಲೇ ನೋಡಬಹುದು.